ಕಿಟಕಿ ಕೀಳಿಸುವವರೇ, ಒಂದು ನಿಮಿಷ

ಇಲ್ಲಿ ಬರೆಯದೆ ತಿಂಗಳುಗಳೇ ಆದವು. ಸೋಮಾರಿತನ, ಇನ್ನೇನಿಲ್ಲ. ಇವತ್ತು ಕೂತು ಬರೆಯೋ ಹಾಗೆ ಮಾಡಿದ್ದು ಸಿಟ್ಟು. ಸಿಟ್ಟು ಬಂದಿರೋದು ಕಿಟಕಿಗಳ ವಿಷಯಕ್ಕೆ. ನಗಬೇಡಿ.

ನಿನ್ನೆ ಶನಿವಾರ ಸ್ನೇಹಿತರೊಬ್ಬರ ಮನೇಲಿ ಊಟಕ್ಕೆ ಹೋಗಿದ್ವಿ. ಮಿನಿಯಾಪೊಲಿಸ್ ಪಕ್ಕದ ಊರು, ನಮ್ಮ ಮನೆಯಿಂದ ಇಪ್ಪತ್ತು ನಿಮಿಷ. ಬಿಸಿಬೇಳೆಭಾತ್ ಬಡಿಸ್ತಾ ಅವರು ಖುಷಿಯಿಂದ ಹೇಳಿದ್ರು: "ಕ್ಯಾಬಿನ್ನಿನ ಹನ್ನೊಂದೂ ಕಿಟಕಿ ಕಿತ್ತು ಹಾಕಿಸ್ತಾ ಇದೀನಿ ಕಣ್ರೀ. ವಿನೈಲ್. ನಿನ್ನೆ ರಾತ್ರಿ ಸೈನ್ ಮಾಡಿದೆ. ಇನ್ನು ಈ ಪೇಂಟು ಪುಟ್ಟಿ ಯಾವ ರಗಳೆನೂ ಇಲ್ಲ. ಕಂಪ್ಲೀಟ್ ಮೇಂಟೆನೆನ್ಸ್ ಫ್ರೀ!"

ನನ್ನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನನ್ನವಳು ಮೇಜಿನ ಕೆಳಗೆ ಕಾಲು ತುಳಿದಳು, ಸುಮ್ಮನಿರಿ ಅಂತ. ಸುಮ್ಮನಿದ್ದೆ. ಮನೆಗೆ ಬರೋ ದಾರಿ ಪೂರ್ತಿ ಒಬ್ಬನೇ ಗೊಣಗಿದೆ. ರಾತ್ರಿ ನಿದ್ದೆ ಬರ್ಲಿಲ್ಲ. ಅದಕ್ಕೇ ಇದು.

ಊರಲ್ಲಿರುವವರಿಗೆ ಮೊದಲು ಕ್ಯಾಬಿನ್ ಅಂದ್ರೇನು ಅಂತ ಹೇಳಿಬಿಡ್ತೀನಿ. ಮಿನೆಸೋಟಾ ರಾಜ್ಯಕ್ಕೆ ಹತ್ತು ಸಾವಿರ ಕೆರೆಗಳ ನಾಡು ಅಂತ ಹೆಸರು. ಹತ್ತು ಎಕರೆಗಿಂತ ದೊಡ್ಡವನ್ನೇ ಎಣಿಸಿದರೂ 11,842 ಆಗುತ್ತೆ. ಈ ಕೆರೆಗಳ ದಂಡೆಯಲ್ಲಿ ಜನ ಸಣ್ಣ ಸಣ್ಣ ಮರದ ಮನೆ ಕಟ್ಕೊಂಡಿದಾರೆ. ನಮ್ಮ ಬೆಂಗಳೂರಿನವರ ಫಾರ್ಮ್ ಹೌಸಿನ ಥರ ಇದು ದೊಡ್ಡವರ ಶೋಕಿ ಅಂದ್ಕೋಬೇಡಿ. ಫ್ಯಾಕ್ಟರಿ ಕೆಲಸದವರು, ಸ್ಕೂಲ್ ಮೇಷ್ಟ್ರುಗಳು ತಾವೇ ಸುತ್ತಿಗೆ ಹಿಡಿದು ಕಟ್ಟಿಕೊಂಡಂಥವು ಬೇಕಾದಷ್ಟಿವೆ. ಬೇಸಿಗೆಯಲ್ಲಿ ಮಾತ್ರ ವಾಸ. ಅಕ್ಟೋಬರಿನಲ್ಲಿ ಪೈಪುಗಳ ನೀರು ಖಾಲಿ ಮಾಡಿ, ಬೀಗ ಹಾಕಿ ಬಂದರೆ ಮತ್ತೆ ತೆಗೆಯೋದು ಕೆರೆಯ ಐಸ್ ಕರಗಿದ ಮೇಲೆ, ಏಪ್ರಿಲ್ ಕೊನೆಗೋ ಮೇ ಮೊದಲಿಗೋ. ನಡುವಿನ ಆರು ತಿಂಗಳು ಒಳಗೂ ಹೊರಗೂ ಒಂದೇ ಚಳಿ. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ನಮ್ಮದು 1938ರಲ್ಲಿ ಕಟ್ಟಿದ್ದು. ಒಂದೂವರೆ ಕೋಣೆ, ಒಂದು ಸೌದೆ ಒಲೆ, ಹನ್ನೆರಡು ಕಿಟಕಿ. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಮೂರು ಗಂಟೆ ದಾರಿ. 2006ರಲ್ಲಿ ತಗೊಂಡ್ವಿ.

ಕಿಟಕಿ ಹೇಗಿದೆ ಅಂದ್ರೆ, ನಮ್ಮಲ್ಲಿನ ಹಾಗೆ ಬಿಜಾಗರಿ ಮೇಲೆ ತೆರೆಯೋ ಕದಗಳಲ್ಲ. ಎರಡು ಗಾಜಿನ ಕದ ಒಂದರ ಹಿಂದೊಂದು ಮೇಲೆ ಕೆಳಗೆ ಜಾರುತ್ತವೆ. ಕದಕ್ಕೆ ಹಗ್ಗ ಕಟ್ಟಿ, ಹಗ್ಗವನ್ನ ಒಂದು ಪುಟ್ಟ ರಾಟೆ ಮೇಲೆ ಹಾಯಿಸಿ, ಆ ತುದಿಗೆ ಎರಕದ ಕಬ್ಬಿಣದ ಗುಂಡು ಕಟ್ಟಿರ್ತಾರೆ. ಗುಂಡು ಚೌಕಟ್ಟಿನ ಪಕ್ಕದ ಪೊಳ್ಳಿನಲ್ಲಿ ಅಡಗಿರುತ್ತೆ. ಕದದ ತೂಕಕ್ಕೆ ಗುಂಡಿನ ತೂಕ ಸರಿ. ಬಾವಿಯ ರಾಟೆ ನೋಡಿ ಬೆಳೆದವನಿಗೆ ಅರ್ಥ ಆಗೋಕೆ ಒಂದು ನಿಮಿಷ ಸಾಕು. ಒಂದು ಬೆರಳಲ್ಲಿ ಎತ್ತಿದರೆ ಎಲ್ಲಿ ಬಿಟ್ಟಿರೋ ಅಲ್ಲೇ ನಿಲ್ಲುತ್ತೆ. ಮೇಲಿನ ಕದ ಒಂದು ಗೇಣು ಇಳಿಸಿ ಕೆಳಗಿನದನ್ನ ಒಂದು ಗೇಣು ಎತ್ತಿದರೆ, ಬಿಸಿ ಗಾಳಿ ಮೇಲಿಂದ ಹೋಗಿ ತಣ್ಣನೆ ಗಾಳಿ ಕೆಳಗಿಂದ ಬರುತ್ತೆ. ಫ್ಯಾನ್ ಬೇಡ.

ಇದರ ಹೊರಗಡೆ ಚಳಿಗೆ ಇನ್ನೊಂದು ಗಾಜಿನ ಚೌಕಟ್ಟು. ಸ್ಟಾರ್ಮ್ ವಿಂಡೋ ಅಂತಾರೆ. ಮೇಲ್ಗಡೆ ಎರಡು ಕೊಕ್ಕೆಗೆ ತೂಗುಹಾಕಿ, ಕೆಳಗೆ ಒಳಗಿನಿಂದ ಚಿಲಕ ಹಾಕೋದು. ವಸಂತದಲ್ಲಿ ಅದನ್ನ ಇಳಿಸಿ, ಅದೇ ಕೊಕ್ಕೆಗೆ ಸೊಳ್ಳೆ ಜಾಲರಿ ತೂಗುಹಾಕೋದು. ಸಾಗರ ಸೀಮೆಯವರಿಗೆ ಒಂದೇ ಮಾತಲ್ಲಿ ಹೇಳೋದಾದ್ರೆ ಇದು ಗಾಜಿನ ತಟ್ಟಿ. ನಮ್ಮನೇಲಿ ಅಪ್ಪಯ್ಯ ಮೇ ಕೊನೆಗೆ ಇರಿಚಲು ಹೊಡೆಯೋ ಕಡೆಗೆಲ್ಲ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿ, ಮಳೆಗಾಲ ಮುಗಿದ ಮೇಲೆ ಬಿಚ್ಚಿಸ್ತಿದ್ರು. ನಾವಿಲ್ಲಿ ಅಕ್ಟೋಬರಿಗೆ ಕಟ್ಟಿ ಮೇಗೆ ಬಿಚ್ತೀವಿ. ಅಷ್ಟೇ ವ್ಯತ್ಯಾಸ.

ಆ ಬಿಚ್ಚೋ ಕೆಲಸ ನನಗೆ ವರ್ಷದ ಹಬ್ಬ. ಮೇ ಎರಡನೇ ವಾರದ ಶನಿವಾರ ಇಲ್ಲಿ ವಾಲ್‌ಐ ಮೀನು ಹಿಡಿಯೋಕೆ ಕಾನೂನು ಪ್ರಕಾರ ಬಾಗಿಲು ತೆರೆಯೋ ದಿನ. ರಾಜ್ಯಕ್ಕೆ ರಾಜ್ಯವೇ ದೋಣಿ ಎಳ್ಕೊಂಡು ಉತ್ತರಕ್ಕೆ ಹೋಗುತ್ತೆ. ನಾನು ಮೀನು ಹಿಡಿಯೋನಲ್ಲ, ತಿನ್ನೋನೂ ಅಲ್ಲ. ಅದಕ್ಕೆ ಒಂದು ವಾರ ಮುಂಚೆ ಹೋಗಿ ಕಿಟಕಿ ಕೆಲಸ ಮುಗಿಸ್ತೀನಿ. ಅಷ್ಟೊತ್ತಿಗೆ ಕೆರೇಲಿ ಲೂನ್ ಹಕ್ಕಿ ಕೂಗೋಕೆ ಶುರು ಮಾಡಿರುತ್ತೆ. ಸೊಳ್ಳೆ ಇನ್ನೂ ಹುಟ್ಟಿರಲ್ಲ. ಸ್ಟಾರ್ಮ್ ಕೆಳಗಿಳಿಸಿದರೆ ಎರಡು ಗಾಜಿನ ನಡುವೆ ಚಳಿಗಾಲದ ಎಲ್ಲ ಹೆಣಗಳೂ ಬಿದ್ದಿರ್ತವೆ: ನೊಣ, ಕೆಂಪು ಗೆರೆಯ ಬಾಕ್ಸ್‌ಎಲ್ಡರ್ ಹುಳ, ಗುಲಗಂಜಿ ಥರದ ಲೇಡಿಬಗ್ಗು. ಪೊರಕೆ ಹಾಕಿ ಗುಡಿಸೋದು. ಆಮೇಲೆ ಹೊಸ್ತಿಲಿನ ಥರ ಹೊರಗೆ ಇಳಿಜಾರಾಗಿರೋ ಕೆಳಮರವನ್ನ ಉಗುರಿನಿಂದ ಒತ್ತಿ ನೋಡೋದು. ಮೆತ್ತಗಿದ್ದರೆ ನೀರು ಕೂತಿದೆ ಅಂತ ಅರ್ಥ. ಆ ಮರದ ಅಡಿಯಲ್ಲಿ ಉದ್ದಕ್ಕೆ ಒಂದು ಸಣ್ಣ ಗೀರು ಕೊರೆದಿರ್ತಾರೆ. ಹರಿದು ಬಂದ ನೀರು ಗೋಡೆ ಕಡೆ ವಾಪಸ್ಸು ತೆವಳದೆ ಅಲ್ಲೇ ತೊಟ್ಟಿಕ್ಕಿ ಕೆಳಗೆ ಬೀಳಲಿ ಅಂತ. ಪೇಂಟು ಹೊಡೀತಾ ಹೊಡೀತಾ ಆ ಗೀರು ಮುಚ್ಚಿಹೋದರೆ ಗೋಡೆ ಕೊಳೆಯೋಕೆ ಶುರು. ಎಂಬತ್ತು ಚಿಲ್ಲರೆ ವರ್ಷದ ಹಿಂದೆ ಯಾರೋ ಬಡಗಿ ಇಷ್ಟು ಯೋಚನೆ ಮಾಡಿದಾನೆ.

ಪ್ರತಿ ಚೌಕಟ್ಟಿಗೂ ಪ್ರತಿ ಸ್ಟಾರ್ಮಿಗೂ ಹಿತ್ತಾಳೆ ತಲೆಯ ಮೊಳೆಯಲ್ಲಿ ನಂಬರು ಬಡಿದಿದೆ. ಒಂದರಿಂದ ಹನ್ನೆರಡು. ಏಳನೇದು ಎಂಟಕ್ಕೆ ಕೂರಲ್ಲ. ಒಂದೊಂದನ್ನೂ ಅದರದರ ಜಾಗಕ್ಕೆ ಅಂತಲೇ ಕೀಸಿ ಕೂರಿಸಿದ್ದು. ಮೊದಲ ವರ್ಷ ಗೊತ್ತಿಲ್ಲದೆ ಎಲ್ಲ ಕಲಸಿಹಾಕಿ ಒಂದು ದಿನ ಪೂರ್ತಿ ಏಣಿ ಹತ್ತಿ ಇಳಿದಿದ್ದೆ.

ಈಗ ನಮ್ಮಲ್ಲಿ 3, 4, 5, 6 ನಂಬರಿನ ಕಿಟಕಿಗಳು ಇಲ್ಲ. ಯಾಕಿಲ್ಲ ಅಂದ್ರೆ ನಾನೇ ಕೀಳಿಸಿದೆ, 2010ರಲ್ಲಿ. ಈ ಲೇಖನ ಬರೆಯೋ ಹಕ್ಕು ಬಂದಿದ್ದೇ ಅದರಿಂದ.

ಅವತ್ತು ನಮ್ಮ ಮನೆಗೂ ಒಬ್ಬ ಬಂದಿದ್ದ. ಕೆಂಪು ಹೀಟ್ ಲ್ಯಾಂಪು, ಎರಡು ಗಾಜಿನ ತುಂಡು ತಂದಿದ್ದ. ಲ್ಯಾಂಪಿನ ಮುಂದೆ ಮಾಮೂಲಿ ಗಾಜು ಹಿಡಿದು "ಕೈ ಇಡಿ" ಅಂದ. ಸುಡ್ತಿತ್ತು. ಆಮೇಲೆ ಅವನ ಗಾಜು ಹಿಡಿದ. ಬಿಸಿಯೇ ಇಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಆದರೂ ಬಾಯಿ ಬಿಟ್ಕೊಂಡು ನೋಡಿದೆ. ಆ ಗಾಜಿಗೆ ಲೋಹದ ತೆಳು ಲೇಪ ಇರುತ್ತೆ, ಅದು ಇನ್ಫ್ರಾರೆಡ್ ಕಿರಣಗಳನ್ನ ವಾಪಸ್ಸು ಕಳಿಸುತ್ತೆ, ನಿಜ. ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ: ಆರು ತಿಂಗಳು ಬೀಗ ಹಾಕಿರೋ, ಹೀಟರೇ ಇಲ್ಲದ ಮನೇಲಿ ನೀನು ಯಾವ ಶಾಖ ಉಳಿಸ್ತೀಯಪ್ಪಾ? ಕೇಳ್ಲಿಲ್ಲ. ಅವನು ಹೇಳಿದ "ವರ್ಷಕ್ಕೆ ಇಷ್ಟು ಡಾಲರ್ ಉಳಿತಾಯ" ಅನ್ನೋ ಲೆಕ್ಕ ವರ್ಷಪೂರ್ತಿ ಬಿಸಿ ಮಾಡೋ ಮನೆಯದು. ನಮ್ಮ ಕ್ಯಾಬಿನ್ನಿನ ಚಳಿಗಾಲದ ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಎಷ್ಟು ಪರ್ಸೆಂಟ್ ಉಳಿಸಿದರೂ ಸೊನ್ನೆ. ಮೇ ಮತ್ತು ಸೆಪ್ಟೆಂಬರ್‌ನಲ್ಲಿ ನಾವು ಸುಡೋದು ಬಿರುಗಾಳಿಗೆ ಬಿದ್ದ ಬರ್ಚ್ ಮರದ ಸೌದೆ.

ಎರಡನೇದು ಟ್ಯಾಕ್ಸು. 2009, 2010ನೇ ಸಾಲಿನಲ್ಲಿ ಕೇಂದ್ರ ಸರ್ಕಾರ ಇಂಥ ಕಿಟಕಿಗಳಿಗೆ ಖರ್ಚಿನ ನೂರಕ್ಕೆ 30, ಗರಿಷ್ಠ 1,500 ಡಾಲರ್, ತೆರಿಗೇಲಿ ವಾಪಸ್ಸು ಕೊಡ್ತಿತ್ತು. "ನಿಮಗೂ ಸಿಗುತ್ತೆ" ಅಂದಿದ್ದ. ಮಾರ್ಚಿನಲ್ಲಿ ಲೆಕ್ಕ ನೋಡೋರ ಹತ್ರ ಹೋದರೆ ಅವರು ನಕ್ಕರು. ಅದು ನೀವು ಖಾಯಂ ವಾಸ ಇರೋ ಮನೆಗೆ ಮಾತ್ರ, ಬೇಸಿಗೆ ಮನೆಗಲ್ಲ. ಕಂಪನಿಗೆ ಫೋನ್ ಮಾಡಿದೆ. "ನಮ್ಮ ಸೇಲ್ಸ್‌ನವರು ಟ್ಯಾಕ್ಸ್ ಸಲಹೆ ಕೊಡೋದಿಲ್ಲ ಸರ್" ಅಂದ್ರು. (ಅಂದಹಾಗೆ ಕಿಟಕಿಗೆ ಆಮೇಲೆ ಬಂದಿದ್ದ ತೆರಿಗೆ ವಿನಾಯಿತಿಯೂ 2025ರ ಡಿಸೆಂಬರಿಗೆ ಮುಗಿದುಹೋಯ್ತು. ಈಗಲೂ ಅದರ ಆಸೆ ತೋರಿಸೋರು ಇದ್ದರೆ ಎದ್ದು ಬನ್ನಿ.)

ಹೊಸ ಕಿಟಕಿ ಬಂತು. ಹಳೇ ಚೌಕಟ್ಟಿನ ಒಳಗೇ ಇನ್ನೊಂದು ಪ್ಲಾಸ್ಟಿಕ್ ಚೌಕಟ್ಟು ತುರುಕಿದ್ರು. ಹೀಗೆ ಮಾಡಿದರೆ ಸುತ್ತಲೂ ಗಾಜು ಕಮ್ಮಿ ಆಗುತ್ತೆ ಅನ್ನೋದು ಕೂರಿಸಿದ ಮೇಲೆ ಗೊತ್ತಾಯ್ತು. ಕೆರೆ ಕಡೆಯ ಕೋಣೆ ಕತ್ತಲಾಯ್ತು. ಕಾಣೋ ನೀರಿಗೇ ಅಂಚು ಕಟ್ಟಿದ ಹಾಗೆ. ಮೊದಲು ಅಲ್ಲಿದ್ದಿದ್ದು ಸ್ವಲ್ಪ ಅಲೆ ಅಲೆಯಾಗಿದ್ದ ಹಳೇ ಗಾಜು. 1959ರಲ್ಲಿ ಪಿಲ್ಕಿಂಗ್ಟನ್ ಕಂಪನಿಯವರು ಕರಗಿದ ತವರದ ಮೇಲೆ ಗಾಜು ತೇಲಿಸೋ ವಿಧಾನ ಪ್ರಕಟಿಸಿದ ಮೇಲೆ ಲೋಕದ ಗಾಜೆಲ್ಲ ನುಣ್ಣಗಾಯ್ತು. ಅದಕ್ಕೂ ಮುಂಚಿನ ಗಾಜಿಗೆ ಈ ಅಲೆ ಇರುತ್ತೆ. ಗಾಜು ದ್ರವ, ನೂರು ವರ್ಷಕ್ಕೆ ಇಳಿದು ಬರುತ್ತೆ ಅಂತ ಯಾರಾದ್ರೂ ಹೇಳಿದರೆ ನಂಬಬೇಡಿ, ಕಟ್ಟುಕತೆ. ತಯಾರಾದಾಗಲೇ ಹಾಗಿತ್ತು. ಅದರ ಮೂಲಕ ಕೆರೆ ನೋಡಿದರೆ ನೀರು ನಿಂತಿದ್ದಾಗಲೂ ಅಲುಗುತ್ತೆ.

2012ರಲ್ಲಿ ಅಪ್ಪಯ್ಯ ಬಂದಿದ್ರು. ಮೂರು ತಿಂಗಳು ಇದ್ರು, ಅದರಲ್ಲಿ ಅವರಿಗೆ ಇಷ್ಟ ಆಗಿದ್ದು ಕ್ಯಾಬಿನ್ ಒಂದೇ. ಹಳೇ ಕಿಟಕಿಗಳನ್ನೆಲ್ಲ ಮುಟ್ಟಿ, ಎತ್ತಿ, ಇಳಿಸಿ ನೋಡಿದ್ರು. ರಾಟೆ ಕಂಡು ಖುಷಿಪಟ್ರು. ಹೊಸ ಬಿಳಿ ಕಿಟಕಿ ಹತ್ರ ಬಂದು ಬೆರಳಿನಿಂದ ತಟ್ಟಿ ಕೇಳಿದ್ರು.

"ಇದು ಹಾಳಾದ್ರೆ ಯಾರು ರಿಪೇರಿ ಮಾಡ್ತ್ರೊ?"

"ಹಾಳಾಗಲ್ಲ ಅಪ್ಪಯ್ಯ."

ಅವರು ಏನೂ ಅನ್ನಲಿಲ್ಲ. ಹೊರಗೆ ಹೋಗಿ ಕೂತ್ರು.

2019ರ ವಸಂತದಲ್ಲಿ ಬಾಗಿಲು ತೆಗೆದು ಒಳಗೆ ಹೋದರೆ ಎರಡು ಕಿಟಕಿ ಮಂಜು ಕವಿದ ಹಾಗಿತ್ತು. ಒರೆಸಿದೆ. ಹೋಗಲಿಲ್ಲ. ಹೊರಗಿಂದ ಒರೆಸಿದೆ. ಹೋಗಲಿಲ್ಲ. ಮಂಜು ಇದ್ದಿದ್ದು ಎರಡು ಗಾಜಿನ ನಡುವೆ. ಈ ಹೊಸ ಕಿಟಕಿಗಳಲ್ಲಿ ಎರಡು ಗಾಜು ಸೇರಿಸಿ ಅಂಚಿಗೆ ಸೀಲ್ ಹಾಕಿ ನಡುವೆ ಆರ್ಗಾನ್ ತುಂಬಿರ್ತಾರೆ. ತೇವ ಹೀರಲಿ ಅಂತ ಅಂಚಿನ ಪಟ್ಟಿಯಲ್ಲಿ ಒಂದಿಷ್ಟು ಹೀರುಕಾಳು ಇರುತ್ತೆ. ಸೀಲ್ ಬಿಟ್ಟಿತು ಅಂದ್ರೆ ಗಾಳಿ, ಗಾಳಿ ಜೊತೆ ತೇವ. ಕಾಳಿನ ಹೊಟ್ಟೆ ತುಂಬಿದ ಮೇಲೆ ಮಂಜು. ಯಾಕೆ ಬಿಡುತ್ತೆ? ನಮ್ಮಲ್ಲಿ ಜನವರಿಗೆ ಮೈನಸ್ 30 ಡಿಗ್ರಿ ಸೆಲ್ಸಿಯಸ್, ಜುಲೈಗೆ 30ರ ಮೇಲೆ. ವಿನೈಲ್ ಅಂದ್ರೆ ಪಿವಿಸಿ, ನಮ್ಮ ನೀರಿನ ಪೈಪಿನದೇ ವಂಶ. ಅಷ್ಟು ತಾಪಮಾನದ ವ್ಯತ್ಯಾಸಕ್ಕೆ ಒಂದು ಮೀಟರ್ ಪಿವಿಸಿ ಸುಮಾರು ನಾಲ್ಕು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತೆ. ಗಾಜು ಅಷ್ಟು ಹಿಗ್ಗಲ್ಲ. ಉದ್ದಕ್ಕೆ ನೋಡಿದರೆ ಮರವೂ ಹಿಗ್ಗಲ್ಲ. ನಡುವೆ ಇರೋ ಸೀಲು ವರ್ಷ ವರ್ಷ ಜಗ್ಗಾಟದಲ್ಲಿ ಸಾಯುತ್ತೆ. ಬಿಸಿ ಮಾಡದ ಮನೇಲಂತೂ ಒಳಗಿನ ಅಂಚಿಗೂ ಹೊರಗಿನ ಅಂಚಿಗೂ ಅದೇ ಶಿಕ್ಷೆ.

"ಲೈಫ್ ಟೈಮ್ ವಾರಂಟಿ" ಕಾಗದ ಹುಡುಕಿ ತೆಗೆದೆ. ಕಂಪನಿಯೇ ಇರಲಿಲ್ಲ. ಯಾರ ಲೈಫ್ ಟೈಮ್ ಅಂತ ಆಗ ಅರ್ಥ ಆಯ್ತು :-) ಹತ್ತಿರದ ಊರಿನ ಗಾಜಿನ ಅಂಗಡಿಯವರು ಗಾಜು ಮಾತ್ರ ಅಳತೆಗೆ ಮಾಡಿಸಿ ಕೊಡ್ತೀವಿ ಅಂದ್ರು, ಅದು ಸಾಧ್ಯ, ಸುಳ್ಳು ಹೇಳಲ್ಲ. ಆದರೆ ದರ ಕೇಳಿದರೆ ಹೊಸ ಕಿಟಕಿಯ ಅರ್ಧ. ಸರಿ ಅಂತ ಒಂದನ್ನ ಕಳಚುವಾಗ ಮೂಲೆಯ ಬೆಸುಗೆ ಬಿರುಕು ಬಿಡ್ತು. ಪ್ಲಾಸ್ಟಿಕ್ಕಿಗೆ ಕೀಲು ಹಾಕಕ್ಕಾಗಲ್ಲ, ಹಲಗೆ ಕೂಡಿಸಕ್ಕಾಗಲ್ಲ. ಆ ಸೈಜು ಈಗ ಬರಲ್ಲ ಅಂದ್ರು. 2022ಕ್ಕೆ ಉಳಿದೆರಡೂ ಮಂಜಾದವು. ಹನ್ನೆರಡು ವರ್ಷ. ಅದೇ ಗೋಡೆಯಲ್ಲಿ, ಅದೇ ಚಳಿಯಲ್ಲಿ 1938ರ ಏಳನೇ ನಂಬರ್ ಇವತ್ತೂ ಒಂದು ಬೆರಳಿಗೆ ಮೇಲೇಳುತ್ತೆ.

ಈಗ ಹೇಳಿ, ಮೇಂಟೆನೆನ್ಸ್ ಫ್ರೀ ಅಂದ್ರೇನು? ರಿಪೇರಿ ಮಾಡೋಕೆ ಬರೋದಿಲ್ಲ ಅಂತ ಅರ್ಥ. ಆ ಮಾತನ್ನ ನೇರವಾಗಿ ಹೇಳಿದರೆ ಯಾರೂ ಕೊಳ್ಳಲ್ಲ, ಅದಕ್ಕೆ ಮಗ್ಗುಲು ಬದಲಿಸಿ ಹೇಳ್ತಾರೆ. ಮರದ ಕಿಟಕಿ ಭಾಗ ಭಾಗವಾಗಿ ಹಾಳಾಗುತ್ತೆ, ಭಾಗ ಭಾಗವಾಗಿ ಸರಿ ಆಗುತ್ತೆ. ಹಗ್ಗ ಹರಿದರೆ ಹಗ್ಗ. ಗಾಜು ಒಡೆದರೆ ಆ ಒಂದು ಚೌಕದ ಗಾಜು. ವಿನೈಲ್ ಕಿಟಕಿ ಮಾತ್ರ ಒಂದೇ ಸಲ ಇಡಿಯಾಗಿ ಸಾಯುತ್ತೆ.

"ಹೌದ್ರೀ, ಆದರೆ ಚಳಿ ಗಾಳಿ ಬರುತ್ತಲ್ಲ ಹಳೇದರಲ್ಲಿ?" ಅಂತ ಕೇಳ್ತಾರೆ. ಲೆಕ್ಕ ಹೇಳ್ತೀನಿ. ಒಂಟಿ ಗಾಜಿನ ಕಿಟಕಿಯಿಂದ ಸೋರೋ ಶಾಖ 1 ಅಂತ ಇಟ್ಕೊಳ್ಳಿ. ಅದಕ್ಕೆ ಒಂದು ಸ್ಟಾರ್ಮ್ ತೂಗುಹಾಕಿದರೆ ಹೆಚ್ಚುಕಮ್ಮಿ ಅರ್ಧ. ಹೊಸ ಜೋಡಿಗಾಜು, ಲೇಪ, ಆರ್ಗಾನ್ ಎಲ್ಲ ಸೇರಿ ಸುಮಾರು ಮೂರನೇ ಒಂದು ಭಾಗ. ಅರ್ಧಕ್ಕೂ ಮೂರನೇ ಒಂದಕ್ಕೂ ಇರೋ ಆ ಸಣ್ಣ ಅಂತರಕ್ಕೆ ಸಾವಿರಗಟ್ಟಲೆ ಡಾಲರ್. ಇದು ನಾನೊಬ್ಬನೇ ಹೇಳೋದಲ್ಲ. ನ್ಯಾಷನಲ್ ಟ್ರಸ್ಟ್ ಫಾರ್ ಹಿಸ್ಟಾರಿಕ್ ಪ್ರಿಸರ್ವೇಶನ್ ಅನ್ನೋ ಸಂಸ್ಥೆ 2012ರಲ್ಲಿ ವರದಿ ತಂದಿತ್ತು: ಹಳೇ ಕಿಟಕಿ ಸರಿಮಾಡಿ ಸ್ಟಾರ್ಮ್ ಹಾಕೋದು ಹೊಸ ಕಿಟಕಿಯ ಉಳಿತಾಯಕ್ಕೆ ಹತ್ತಿರ ಹೋಗುತ್ತೆ, ಖರ್ಚು ಅದಕ್ಕಿಂತ ಎಷ್ಟೋ ಕಮ್ಮಿ ಅಂತ. ಅದೂ ಬಿಸಿ ಮಾಡೋ ಮನೆಗಳ ಲೆಕ್ಕ.

ನಾನು ಮೊಂಡುವಾದಿ ಅಂದ್ಕೋಬೇಡಿ. ಹಳೇ ಕಿಟಕಿಗೆ ಒಂದು ನಿಜವಾದ ಅಪಾಯ ಇದೆ, ಸೀಸ. ಅಮೆರಿಕದಲ್ಲಿ ಮನೆ ಪೇಂಟಿನಲ್ಲಿ ಸೀಸ ನಿಂತಿದ್ದು 1978ರಲ್ಲಿ. ಅದಕ್ಕೂ ಹಿಂದಿನ ಪೇಂಟು ಅಂದ್ರೆ ಸೀಸ ಇದೆ ಅಂತಲೇ ತಿಳ್ಕೊಬೇಕು. ಕಿಟಕಿ ಮೇಲೆ ಕೆಳಗೆ ಉಜ್ಜಿದಾಗ ಅದರ ಪುಡಿ ಉದುರುತ್ತೆ, ಮಕ್ಕಳು ಬೆರಳು ಬಾಯಿಗಿಡ್ತವೆ. ಮನೇಲಿ ಆರು ವರ್ಷದೊಳಗಿನ ಮಗು ಇದ್ದರೆ ಅದು ಬರೀ ರಗಳೆ ಅಲ್ಲ. ಒಣ ಸ್ಯಾಂಡ್ ಪೇಪರ್ ಹಾಕಿ ಉಜ್ಜಲೇಬಾರದು. ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದು, ಕೆಳಗೆ ಪ್ಲಾಸ್ಟಿಕ್ ಹಾಸಿ, ಚೂರು ಬಿಡದೆ ಸುತ್ತಿ ಬಿಸಾಡಬೇಕು. ಮಾಸ್ಕ್ ಬೇಕು, ಬಟ್ಟೆ ಬೇರೆ ಒಗೀಬೇಕು. ಊರಲ್ಲಿ ಹಳೇ ಮನೆ ಬಣ್ಣ ಕೆರೆಸೋರಿಗೂ ಇದೇ ಮಾತು. ನಮ್ಮ ದೇಶದಲ್ಲಿ 90 ಪಿಪಿಎಂ ಮಿತಿ ಜಾರಿಗೆ ಬಂದಿದ್ದು 2017ರ ನವೆಂಬರಿನಲ್ಲಿ. ಪೂರ್ತಿ ಕೊಳೆತು ಹೋಗಿದ್ದರೆ, ಏಣಿ ಹತ್ತೋ ವಯಸ್ಸಲ್ಲದಿದ್ದರೆ, ಅದೂ ಬೇರೆ ಮಾತು. ನಾವು ವರ್ಷಪೂರ್ತಿ ಇರೋ ಊರಿನ ಮನೇಲಿ ಹೊಸ ಕಿಟಕಿಯೇ ಇದೆ, ನಾವು ಕೊಳ್ಳುವಾಗಲೇ ಇತ್ತು, ಕಿತ್ತು ಎಸೆದಿಲ್ಲ.

ನನ್ನ ಸ್ನೇಹಿತರದ್ದು ಇದ್ಯಾವುದೂ ಅಲ್ಲ. ಅವರ ಮಗಳು ಕಾಲೇಜಿನಲ್ಲಿದ್ದಾಳೆ. ಅವರು ವಾರಕ್ಕೆ ನಾಲ್ಕು ದಿನ ಜಿಮ್ಮಿಗೆ ಹೋಗ್ತಾರೆ. ಅವರ ಕಿಟಕಿ ಹೋದ ಸೆಪ್ಟೆಂಬರಿನಲ್ಲಿ ನಾನೇ ನೋಡಿದೀನಿ. ಪೇಂಟು ಎದ್ದಿದೆ, ಪುಟ್ಟಿ ಬಿರುಕು ಬಿಟ್ಟಿದೆ, ಮೂರು ಹಗ್ಗ ಹರಿದಿವೆ. ಮರ ಕಲ್ಲಿನಂತಿದೆ. ಬಿಳಿ ಪೈನ್, ನಿಧಾನಕ್ಕೆ ಬೆಳೆದ ಮರ, ವರ್ಷದ ಉಂಗುರಗಳು ಕೂದಲೆಳೆ ಅಂತರದಲ್ಲಿವೆ. ಅಂಥ ಪೈನ್ ಈಗ ಮರದ ಡಿಪೋದಲ್ಲಿ ಸಿಗಲ್ಲ. ಈ ಕಡೆ ವರ್ಜೀನಿಯಾ ಅನ್ನೋ ಊರಲ್ಲಿದ್ದ ಬಿಳಿ ಪೈನಿನ ದೊಡ್ಡ ಮಿಲ್ಲು 1929ರಲ್ಲೇ ಬಾಗಿಲು ಹಾಕಿತು, ಕಡಿಯೋಕೆ ಮರ ಉಳಿದಿರಲಿಲ್ಲ. ಅಂಥ ಮರವನ್ನ ಮೇ ತಿಂಗಳ ಒಂದು ಬುಧವಾರ ಇಬ್ಬರು ಹುಡುಗರು ಬಂದು ರಾಡ್ ಹಾಕಿ ಮೀಟಿ, ಟ್ರಕ್ಕಿಗೆ ಎಸೆದು ಹೋಗ್ತಾರೆ. ಮೂರು ಗಂಟೆ ಕೆಲಸ. ನನ್ನ 3, 4, 5, 6 ಹೋಗಿದ್ದು ಹಾಗೇ. ಕಬ್ಬಿಣದ ಗುಂಡು ಬಿದ್ದ ಸದ್ದು ಇನ್ನೂ ಕಿವೀಲಿದೆ. "ಮರ ಇಟ್ಕೋಬೇಕಾ ಸರ್?" ಅಂತ ಆ ಹುಡುಗ ಕೇಳಿದ್ದ. ನಾನು ಬೇಡ ಅಂದೆ.

"ಟೈಮೆಲ್ಲಿದೆ ರೀ?" ಇದು ನಮ್ಮ ಜನರ ರಾಗ. ಅಲ್ಲ ಸ್ವಾಮಿ, ಟೈಮ್ ಕಳೆಯೋಕೆ ಅಂತಲೇ ಅಲ್ವಾ ಕ್ಯಾಬಿನ್ ತಗೊಂಡಿದ್ದು? ಮೂರು ಗಂಟೆ ಡ್ರೈವ್ ಮಾಡಿ ಹೋಗಿ, ಅಲ್ಲಿ ವೈಫೈ ಹಾಕಿಸಿ, ಕೂತು ಮೀಟಿಂಗ್ ಅಟೆಂಡ್ ಮಾಡೋಕಾ? ನಮ್ಮ ಪಕ್ಕದ ಕ್ಯಾಬಿನ್ನಿನ ಮುದುಕ, ಎಂಬತ್ತರ ಹತ್ತಿರ, ಇಳಿಸಿದ ಕದವನ್ನ ಎರಡು ಕುದುರೆ ಮೇಜಿನ ಮೇಲಿಟ್ಕೊಂಡು ಬಿಸಿಲಲ್ಲಿ ಕೆರೀತಾ ಕೂತಿರ್ತಾರೆ. ಪಕ್ಕದಲ್ಲಿ ರೇಡಿಯೋ. ನನಗೆ ಪುಟ್ಟಿ ಕಲಿಸಿದ್ದು ಅವರೇ.

ಕೆಲಸ ಏನು ಬ್ರಹ್ಮವಿದ್ಯೆ ಅಲ್ಲ. ವರ್ಷಕ್ಕೆ ಎರಡು ಕಿಟಕಿ ಹಿಡಿದರೆ ಸಾಕು, ಆರು ವರ್ಷಕ್ಕೆ ಒಂದು ಸುತ್ತು. ಎದ್ದ ಪುಟ್ಟಿಯನ್ನ ಮಾತ್ರ ಎಬ್ಬಿಸೋದು, ಗಟ್ಟಿಯಾಗಿರೋದನ್ನ ಮುಟ್ಟಬಾರದು, ಗಾಜು ಹೋಗುತ್ತೆ. ಒಣಗಿದ ಮರಕ್ಕೆ ಮೊದಲು ಎಣ್ಣೆ ಪ್ರೈಮರ್ ಕುಡಿಸೋದು. ಕುಡಿಸದಿದ್ದರೆ ಮರ ಪುಟ್ಟಿಯ ಎಣ್ಣೆ ಹೀರಿಕೊಂಡು ಅದನ್ನ ಹೆಂಟೆ ಮಾಡುತ್ತೆ. ಪುಟ್ಟಿ ಅಂದ್ರೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆ, ಅಷ್ಟೇ. ಚಪಾತಿ ಹಿಟ್ಟಿನ ಥರ ಕೈಯಲ್ಲಿ ನಾದಿ, ಬಿಸಿಯಾದ ಮೇಲೆ ಬಳ್ಳಿಯ ಹಾಗೆ ಹೊಸೆದು ಅಂಚಿಗೆ ಒತ್ತಿ, ಚಾಕುವನ್ನ ಒಂದೇ ಎಳೆತಕ್ಕೆ ಎಳೀಬೇಕು. ಮಧ್ಯೆ ನಿಲ್ಲಿಸಿದರೆ ಗಂಟು. ನನ್ನ ಮೊದಲ ಹತ್ತು ಗಾಜು ನೋಡಿ ಮುದುಕ ತಲೆ ಅಲ್ಲಾಡಿಸಿ, ಏನೂ ಹೇಳದೆ ತಮ್ಮ ಚಾಕು ಕೊಟ್ಟಿದ್ರು. ಒಂದೆರಡು ವಾರ ಬಿಟ್ಟು ಮೇಲೆ ತೊಗಲು ಕಟ್ಟಿದ ಮೇಲೆ ಪೇಂಟು. ಪೇಂಟು ಗಾಜಿನ ಮೇಲೆ ಒಂದು ಗೆರೆಯಷ್ಟು ಹತ್ತಬೇಕು, ಇಲ್ಲದಿದ್ದರೆ ಆ ಸಂದಿಗೆ ನೀರು ಇಳಿಯುತ್ತೆ. ಎರಡು ಎಚ್ಚರ. ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತನ್ನಷ್ಟಕ್ಕೆ ತಾನೇ ಬೆಂಕಿ ಹೊತ್ತಿಕೊಳ್ಳುತ್ತೆ, ನಿಜವಾಗಿಯೂ. ಹೊರಗೆ ಬಿಡಿಸಿ ಹರವಿ ಒಣಗಿಸಿ. ಇನ್ನೊಂದು, ಸ್ಟಾರ್ಮನ್ನ ಸುತ್ತ ಗಟ್ಟಿ ಸೀಲ್ ಮಾಡಬೇಡಿ. ಕೆಳಗೆ ಎರಡು ಸಣ್ಣ ತೂತು ಇರ್ತವೆ, ತೇವ ಹೋಗೋಕೆ. ಒಳಗಿನ ಕಿಟಕಿ ಬಿಗಿ ಇರಬೇಕು, ಹೊರಗಿನದು ಸ್ವಲ್ಪ ಉಸಿರಾಡಬೇಕು. ಜಾಣರು ಆ ತೂತಿಗೆ ಮೇಣ ತುಂಬಿ, ಮರ ಕೊಳೆತ ಮೇಲೆ "ಮರದ ಕಿಟಕಿ ಬಾಳಿಕೆ ಬರಲ್ಲ" ಅಂತ ಹೇಳ್ಕೊಂಡು ತಿರುಗ್ತಾರೆ.

ಊರಿನ ಕತೆಯೂ ಬೇರೆ ಏನಲ್ಲ. 2016ರಲ್ಲಿ ತಮ್ಮ ಸಾಗರದ ಹತ್ತಿರದ ನಮ್ಮ ಮನೆಯ ಹಲಸಿನ ಮರದ ಕಿಟಕಿಗಳನ್ನ ತೆಗೆಸಿ ಯುಪಿವಿಸಿ ಸ್ಲೈಡಿಂಗ್ ಹಾಕಿಸಿದ. ಎರಡು ಕದದ ಸ್ಲೈಡಿಂಗ್ ಅಂದ್ರೆ ಅರ್ಧವೇ ತೆಗೆಯೋಕಾಗೋದು, ಉಳಿದರ್ಧ ಸದಾ ಮುಚ್ಚಿದ್ದೇ. ಕೆಳಗಿನ ಹಳಿಯಲ್ಲಿ ಕಸ ತುಂಬಿ ನೀರು ಹೋಗೋ ತೂತು ಕಟ್ಟಿ, ಆಷಾಢದ ಮಳೆಗೆ ನೀರು ಒಳಗೆ ಸುರಿದಿತ್ತು. ಮರ ಕೇಳ್ಕೊಂಡು ಬಂದವರಿಗೆ ಹಳೇ ಕದ ಹೋಯ್ತು. ಈಗ ಅವು ಯಾವುದೋ ಹೋಂಸ್ಟೇನಲ್ಲಿ "ಹಳ್ಳಿ ಲುಕ್" ಕೊಡ್ತಾ ಇರಬಹುದು. ತಮ್ಮನ ಮೇಲೆ ಸಿಟ್ಟು ಮಾಡೋ ಹಕ್ಕು ನನಗಿಲ್ಲ, ಅವನಿಗೆ ಫೋನಿನಲ್ಲಿ "ಈ ಕಡೆಯೆಲ್ಲ ಇದೇ ಹಾಕಿಸೋದು ಕಣೋ" ಅಂದಿದ್ದೇ ನಾನು. ಅಪ್ಪಯ್ಯ ಅಷ್ಟೊತ್ತಿಗೆ ಇರಲಿಲ್ಲ, ಅದೊಂದು ಪುಣ್ಯ.

ಸರಿ, ಸ್ನೇಹಿತರ ವಿಷಯಕ್ಕೆ ಬರ್ತೀನಿ. ಅವರೂ ಇಲ್ಲಿ ಬಂದು ಓದ್ತಾರೆ, ಹಾಗಾಗಿ ಇದು ನೇರವಾಗಿ ನಿಮಗೇ ಸಾರ್. ನೀವು ಸೈನ್ ಮಾಡಿದ್ದು ಶುಕ್ರವಾರ ರಾತ್ರಿ, ನಿಮ್ಮ ಮನೆಯ ಊಟದ ಮೇಜಿನ ಮೇಲೆ. ಮನೆಗೆ ಬಂದು ಮಾಡಿಸಿದ ಇಂಥ ಒಪ್ಪಂದವನ್ನ ಮೂರು ಕೆಲಸದ ದಿನದೊಳಗೆ ಯಾವ ಕಾರಣವನ್ನೂ ಕೊಡದೆ ರದ್ದು ಮಾಡಬಹುದು, ಇಲ್ಲಿನ ಕೇಂದ್ರದ ನಿಯಮ. ಭಾನುವಾರ ಲೆಕ್ಕಕ್ಕಿಲ್ಲ, ಶನಿವಾರ ಲೆಕ್ಕಕ್ಕಿದೆ. ಕಾಗದಗಳ ಜೊತೆ ರದ್ದತಿಯ ಫಾರಂ ಎರಡು ಪ್ರತಿ ಕೊಟ್ಟಿರಲೇಬೇಕು, ಕೊನೆಯ ಹಾಳೆ ನೋಡಿ. ಸೈನ್ ಹಾಕಿ, ತಾರೀಖು ಹಾಕಿ, ಅಂಚೆಯಲ್ಲಿ ರಸೀದಿ ತಗೊಂಡು ಕಳಿಸಿ.

ರದ್ದು ಮಾಡಿದರೆ ಮುಂದಿನ ಎರಡು ಶನಿವಾರ ನಾನೇ ಬರ್ತೀನಿ, ಹಗ್ಗ ಪುಟ್ಟಿ ಎಲ್ಲ ನನ್ನದೇ. ಮಧ್ಯಾಹ್ನಕ್ಕೆ ಚಿತ್ರಾನ್ನ ಕಟ್ಟಿಸ್ಕೊಂಡು ಬನ್ನಿ ಸಾಕು. ಮುದುಕರಿಗೂ ಹೇಳ್ತೀನಿ, ಅವರಿಗೆ ಹೊಸ ಶಿಷ್ಯ ಸಿಕ್ಕರೆ ಖುಷಿ. ಮಾಡಲ್ಲ, ಕೀಳಿಸಿಯೇ ತೀರ್ತೀನಿ ಅಂದ್ರೆ, ಕಿತ್ತ ಹನ್ನೊಂದು ಜೊತೆ ಕದ, ಸ್ಟಾರ್ಮು, ಗುಂಡು, ರಾಟೆ ಒಂದನ್ನೂ ಟ್ರಕ್ಕಿಗೆ ಹಾಕಿಸಬೇಡಿ. ನನಗೆ ಫೋನ್ ಮಾಡಿ. ನಿಮ್ಮ ಅಡುಗೆಮನೆಯ ಕಿಟಕಿಗಳು ನನ್ನ 4 ಮತ್ತು 5ರ ಅಳತೆಗೆ ಹತ್ತಿರ ಇವೆ, ಹೋದ ಸಲವೇ ಗೇಣು ಹಾಕಿ ನೋಡಿದ್ದೆ.

ಮಂಗಳವಾರ ಮಧ್ಯರಾತ್ರಿವರೆಗೆ ಟೈಮಿದೆ.